ಕಾಲಿನೊಳಗಿನ ಅದುರು

ಹಿರಿಯರೇ, ತಾಯಂದಿರೇ, ಎಲ್ಲರಿಗೂ ನಮಸ್ಕಾರ.

"ಡಾಕ್ಟರೇ, ಹಿಟ್ಟಿನ ಗಿರಣಿಯಲ್ಲಿ ನಿಂತರೆ ನೆಲದಿಂದ ಪಾದಕ್ಕೆ ಒಂದು ಅದುರು ಹತ್ತುತ್ತದಲ್ಲ, ಮಂಚದ ಮೇಲೆ ಮಲಗಿದರೂ ನನಗೆ ಹಾಗೆಯೇ ಆಗುತ್ತದೆ." ಒಬ್ಬ ತಾಯಿ ನನ್ನೆದುರು ಕುಳಿತು ಹೀಗೆಂದರು. ಕೈಯಿಟ್ಟು ನೋಡಿದೆ, ಕಾಲು ನಿಶ್ಚಲವಾಗಿತ್ತು. ಮನೆಯವರು ವಯಸ್ಸಿನ ಮೇಲೆ ಹಾಕಿದ್ದರು. ಹಿಂದೆ ನೋಡಿದವರು 'ನರದೌರ್ಬಲ್ಯ' ಎಂದು ಚೀಟಿ ಬರೆದಿದ್ದರು. ಆ ಪದ ಕೇಳಿದರೆ ನನಗೆ ಇಂದಿಗೂ ಸಿಟ್ಟು ಬರುತ್ತದೆ. ಯಾವ ನರ, ಏಕೆ ದುರ್ಬಲ ಎಂದು ಯಾರೂ ಹುಡುಕಿರಲಿಲ್ಲ.

ಕಾಲು ಅಲುಗದೆ ಅದುರು ತಿಳಿಯುವುದು ಹೇಗೆ? ಚರ್ಮದ ಆಳದಲ್ಲಿ ಈರುಳ್ಳಿಯಂತೆ ಪದರ ಪದರವಾದ, ಕಂಪನವನ್ನು ಹಿಡಿಯುವ ಪುಟ್ಟ ಗ್ರಾಹಕಗಳಿವೆ. 19ನೇ ಶತಮಾನದಲ್ಲಿ ಅವುಗಳನ್ನು ವಿವರಿಸಿದ ಇಟಲಿಯ ಫಿಲಿಪ್ಪೊ ಪಾಚಿನಿಯ ಹೆಸರನ್ನೇ ಅವು ಹೊತ್ತಿವೆ. ಅವು ಹಿಡಿದ ಕಂಪನ ದಪ್ಪ ನರತಂತುಗಳಲ್ಲಿ, ಬೆನ್ನುಹುರಿಯ ಹಿಂಭಾಗದ ಮೂಲಕ ಮಿದುಳಿಗೆ ಏರುತ್ತದೆ. ಈ ದಾರಿಯಲ್ಲಿ ಎಲ್ಲಾದರೂ ತಂತುವಿನ ಹೊದಿಕೆ ಸವೆದರೆ ಅದು ತಾನಾಗಿಯೇ ಸಂಕೇತ ಕಳಿಸತೊಡಗುತ್ತದೆ. ಮಿದುಳಿಗೆ ಅದು ಕಾಲಿನಿಂದಲೇ ಬಂದಂತೆ ತೋರುತ್ತದೆ. ಆ ತಾಯಿ ಕಲ್ಪಿಸಿಕೊಂಡು ಹೇಳಿದ್ದಲ್ಲ, ಅವರ ನರ ನಿಜವಾಗಿಯೂ ಮಾತನಾಡುತ್ತಿತ್ತು.

ಆ ಹೊದಿಕೆಯನ್ನು ಕಾಪಾಡುವುದರಲ್ಲಿ ವಿಟಮಿನ್ ಬಿ12 ಮುಖ್ಯ. ಸೊಪ್ಪು, ಕಾಳು, ರಾಗಿ ಎಷ್ಟು ತಿಂದರೂ ಅದು ಸಿಗುವುದಿಲ್ಲ. ಸಸ್ಯಾಹಾರಿಗಳಿಗೆ ಹಾಲು, ಮೊಸರಿನಿಂದ ಸ್ವಲ್ಪ ಬರುತ್ತದೆ. ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ನುಂಗುವವರಲ್ಲಿ, ಗ್ಯಾಸ್ಟ್ರಿಕ್ ಮಾತ್ರೆಯನ್ನು ಬಿಡದೆ ತೆಗೆದುಕೊಳ್ಳುವವರಲ್ಲಿ ಅದು ಇನ್ನೂ ಕುಗ್ಗಬಹುದು. ಹಿಮೋಗ್ಲೋಬಿನ್ ಸರಿಯಿದೆ ಎಂದು ಸಮಾಧಾನಪಡಬೇಡಿ, ರಕ್ತ ಚೆನ್ನಾಗಿರುವಾಗಲೂ ನರ ಕೆಡಬಹುದು. ಸಕ್ಕರೆ ಕಾಯಿಲೆಯೂ ನೇರವಾಗಿ ಇದೇ ನರಗಳನ್ನು ಹಾಳುಮಾಡುತ್ತದೆ. ಆದ್ದರಿಂದ ಬಿ12 ಮತ್ತು ಸಕ್ಕರೆ, ಎರಡನ್ನೂ ನೋಡಲೇಬೇಕು. ಜೊತೆಗೆ ಥೈರಾಯ್ಡ್, ಮೂತ್ರಪಿಂಡ.

ಇನ್ನು ಕೆಲವರ ಕಥೆ ಬೇರೆ. ಹಗಲೆಲ್ಲ ನೆಮ್ಮದಿ, ಸಂಜೆಯಾಗಿ ಕಾಲು ಚಾಚಿದರೆ ಒಳಗೆ ಇರುವೆ ಹರಿದಂತೆ, ಝುಮ್ಮೆಂದಂತೆ, ಕಾಲು ಆಡಿಸದೆ ಇರಲಾಗದ ತಹತಹ. ಎದ್ದು ನಾಲ್ಕು ಹೆಜ್ಜೆ ಹಾಕಿದರೆ ಹಾಯೆನಿಸುತ್ತದೆ. ಇಂಗ್ಲೆಂಡಿನ ವೈದ್ಯ ಥಾಮಸ್ ವಿಲ್ಲಿಸ್ 1672ರಲ್ಲೇ ಇದನ್ನು ಬರೆದಿಟ್ಟಿದ್ದ. 1945ರಲ್ಲಿ ಸ್ವೀಡನ್ನಿನ ವೈದ್ಯ ಎಕ್ಬೋಮ್ 'ಚಡಪಡಿಸುವ ಕಾಲು' ಎಂಬ ಅರ್ಥದ ಹೆಸರಿಟ್ಟರು. ಇಲ್ಲಿ ಹುಡುಕಬೇಕಾದದ್ದು ಕಬ್ಬಿಣದ ದಾಸ್ತಾನನ್ನು, ಅಂದರೆ ಫೆರಿಟಿನ್. ಲ್ಯಾಬ್ ವರದಿಯಲ್ಲಿ 30 ಎಂದಿದ್ದರೂ ನಾರ್ಮಲ್ ಎಂದು ಬರಬಹುದು. ಆದರೆ ಈ ತೊಂದರೆಯಿರುವ ವಯಸ್ಕರಲ್ಲಿ ಫೆರಿಟಿನ್ 75ರವರೆಗೆ ಇದ್ದರೂ ಕಬ್ಬಿಣ ಕೊಡುವ ಯೋಚನೆ ಮಾಡಬೇಕೆಂದು ತಜ್ಞರ ಮಾರ್ಗಸೂಚಿಗಳು ಹೇಳುತ್ತವೆ. ಕಬ್ಬಿಣದ ಮಾತ್ರೆಯನ್ನು ಕಾಫಿ, ಟೀ ಜೊತೆ ನುಂಗಬೇಡಿ, ನಿಂಬೆಯ ಪಾನಕದೊಂದಿಗೆ ತೆಗೆದುಕೊಳ್ಳಿ. ನಿದ್ದೆ ಬರಿಸುವ ನೆಗಡಿ ಮಾತ್ರೆಗಳು ಈ ಚಡಪಡಿಕೆಯನ್ನು ಹೆಚ್ಚಿಸುತ್ತವೆ, ಅದನ್ನೂ ನೆನಪಿಡಿ.

ಎಲ್ಲ ವರದಿಯೂ ಸರಿಯಿದ್ದು, ತೊಡೆಯಲ್ಲಿ ಮೊಬೈಲ್ ಅದುರಿದಂತೆ ಆಗಾಗ ಅನಿಸುವವರೂ ಇದ್ದಾರೆ. ಅದು ಬಹುಮಟ್ಟಿಗೆ ನಿರುಪದ್ರವಿ. ನಿದ್ದೆಗೇಡು, ಕಾಫಿ, ದುಗುಡ ಅದನ್ನು ಹೆಚ್ಚಿಸುತ್ತವೆ. ಮಲಗುವ ಮುನ್ನ ಮೀನಖಂಡವನ್ನು ಎಳೆದು ಸಡಿಲಿಸಿ, ಬಿಸಿನೀರಿನಲ್ಲಿ ಕಾಲಿಡಿ. ಸಕ್ಕರೆ ಕಾಯಿಲೆಯವರು ಮಾತ್ರ ನೀರಿನ ಬಿಸಿಯನ್ನು ಮನೆಯವರಿಂದ ಪರೀಕ್ಷಿಸಿಕೊಳ್ಳಬೇಕು. ಮರಗಟ್ಟಿದ ಪಾದಕ್ಕೆ ಸುಟ್ಟದ್ದು ತಿಳಿಯುವುದಿಲ್ಲ.

ಔಷಧದ ಅಂಗಡಿಯಲ್ಲಿ 'ನರಕ್ಕೆ ಶಕ್ತಿ' ಎಂದು ಕೇಳಿ ತರುವ ಮಾತ್ರೆಗಳ ಬಗ್ಗೆ ಕೈಮುಗಿದು ಹೇಳುತ್ತೇನೆ. ಅವುಗಳಲ್ಲಿ ಕೆಲವದರಲ್ಲಿ ವಿಟಮಿನ್ ಬಿ6 ಹೆಚ್ಚಿದ್ದು, ತಿಂಗಳುಗಟ್ಟಲೆ ನುಂಗಿದರೆ ಅದೇ ನರವನ್ನು ಕೆಡಿಸಬಹುದು. ಕಾಲಿನ ಬಲ ಕುಂದಿದರೆ, ಕೂರುವ ಭಾಗ ಮರಗಟ್ಟಿದರೆ, ಮೂತ್ರದ ಹಿಡಿತ ತಪ್ಪಿದರೆ ಅಂದೇ ಆಸ್ಪತ್ರೆಗೆ ಹೋಗಿ.

ಆ ತಾಯಿಯ ಬಿ12 ತೀರಾ ಕಡಿಮೆಯಿತ್ತು. ಇಂಜೆಕ್ಷನ್ ಶುರುವಾದ ಮೂರು ತಿಂಗಳ ಮೇಲೆ ಬಂದು, "ಗಿರಣಿ ಈಗ ಆಚೆ ಬೀದಿಗೆ ಹೋಗಿದೆ" ಎಂದರು. ಕಂಪನ ತಿಳಿಯುತ್ತದೆಯೇ ಎಂದು ನೋಡಲು ಅವರ ಕಾಲಿನ ಹೆಬ್ಬೆರಳಿಗೆ ಒತ್ತಿದ 128 ಹರ್ಟ್ಸ್‌ನ ಶ್ರುತಿಕವೆ, ಅಂದರೆ ತಟ್ಟಿದರೆ ಅದುರುವ ಲೋಹದ ಕವೆ, ಇಲ್ಲೇ ಮೇಜಿನ ಮೇಲಿದೆ. ಯಾರಿಗೆ ಅನುಮಾನವಿದೆಯೋ, ಚಪ್ಪಲಿ ಕಳಚಿ ಮುಂದೆ ಬನ್ನಿ, ನೋಡೋಣ.