ಹಿಂಡೆಲೋಪನ್ ಹೆಂಗಸಿನ ಚೀಟಿ ಬಟ್ಟೆ

ನಮಸ್ಕಾರ. ಬಾನುಲಿಯಲ್ಲಿ ಕೂತು ಚಿತ್ರದ ಬಗ್ಗೆ ಮಾತಾಡುವುದು ಪೇಚಾಟದ ಕೆಲಸವೇ, ತೋರಿಸಲು ಆಗುವುದಿಲ್ಲವಲ್ಲ. ಇರಲಿ, ಸುಮ್ನೆ ಕಣ್ಣು ಮುಚ್ಚಿಕೊಂಡು ಕೇಳಿ.

ನೆದರ್‌ಲ್ಯಾಂಡ್ಸ್‌ನ ಉತ್ತರದಲ್ಲಿ ಫ್ರೀಸ್‌ಲ್ಯಾಂಡ್ ಎಂಬ ಸೀಮೆ. ಅಲ್ಲಿ ನೀರಿನ ದಡದಲ್ಲಿ ಹಿಂಡೆಲೋಪನ್ ಅಂತ ಒಂದು ಪುಟ್ಟ ಊರು. ಆ ಊರ ಉಡುಪಿನ ಹೆಂಗಸಿನ ಹಳೆಯ ಚಿತ್ರದಲ್ಲಿ ಮೊದಲು ಕಣ್ಣಿಗೆ ಬೀಳುವುದು ತಲೆ. ಮದುವೆಯಾದವಳಾದರೆ ನೆತ್ತಿಯ ಮೇಲೆ ಎತ್ತರದ ಗಟ್ಟಿ ಟೊಪ್ಪಿಗೆ, ಅದಕ್ಕೆ ಸುತ್ತಿದ ಚೌಕಳಿ ಬಟ್ಟೆ. ಮೈಮೇಲೆ ಮುಂದೆ ತೆರೆದ, ಕಾಲ ಗಂಟಿನ ತನಕ ಇಳಿಯುವ ನಿಲುವಂಗಿ. ಅದರ ಹೆಸರು ವೆಂಟ್ಕೆ. ಅದರ ತುಂಬಾ ಹೂವು, ಬಳ್ಳಿ.

ಆ ಹೂವಿನ ಬಟ್ಟೆ ಅಲ್ಲಿಯದಲ್ಲ. ನಮ್ಮ ಅಜ್ಜಿಯರು ಚೀಟಿ ಬಟ್ಟೆ ಅನ್ನುತ್ತಿದ್ದರಲ್ಲ, ಆ ಜಾತಿಯದೇ. ಡಚ್ಚರ ಬಾಯಲ್ಲಿ ಅದು ಸಿಟ್ಸ್.

ಅದು ಅಲ್ಲಿಗೆ ಹೋದದ್ದು ನಮ್ಮ ಪೂರ್ವದ ಕೋರಮಂಡಲ ಕರಾವಳಿಯಿಂದ, ಮಚಲೀಪಟ್ಟಣದಂಥ ಜಾಗಗಳಿಂದ. ಬಟ್ಟೆಯನ್ನು ಮೊದಲು ಅಳಲೆಕಾಯಿ, ಎಮ್ಮೆ ಹಾಲಿನಲ್ಲಿ ನೆನೆಸಬೇಕು. ಹಾಲಿನ ಜಿಡ್ಡು ಇಲ್ಲದಿದ್ದರೆ ಗೆರೆ ಹರಡಿಬಿಡುತ್ತದೆ. ಕಪ್ಪು ಗೆರೆಗೆ ಬೆಲ್ಲದ ನೀರಲ್ಲಿ ತುಕ್ಕು ಕಬ್ಬಿಣ ಹಾಕಿ ಹುಳಿಸಿದ ರಸ. ಕೆಂಪಿಗೆ ಮೊದಲು ಪಟಕದ ನೀರು ಬಳಿದು, ಆಮೇಲೆ ಬೇರಿನ ಬಣ್ಣದಲ್ಲಿ ಕುದಿಸುವುದು. ನೀಲಿಗೆ, ನೀಲಿ ಬೇಡವಾದ ಕಡೆಯೆಲ್ಲ ಮೇಣ ಬಳಿದು ಅದ್ದುವುದು. ಇಷ್ಟೆಲ್ಲ ಆದ ಮೇಲೆ ಎಷ್ಟು ಒಗೆದರೂ ಬಣ್ಣ ಬಿಡುತ್ತಿರಲಿಲ್ಲ. ಯುರೋಪಿನವರು ಮರುಳಾಗಿದ್ದು ಅದಕ್ಕೇ. ಹೂವಿಗಿಂತ ಜಾಸ್ತಿ ಅದಕ್ಕೇ ಅಂತ ನನ್ನ ಲೆಕ್ಕ.

ಡಚ್ ಈಸ್ಟ್ ಇಂಡಿಯಾ ಕಂಪನಿ ಹುಟ್ಟಿದ್ದು 1602ರಲ್ಲಿ. ಅದರ ಹಡಗಿನ ಸರಕು ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಹರಾಜಾಗುತ್ತಿತ್ತು. ಹಿಂಡೆಲೋಪನ್ ಗಂಡಸರು ಇಂಡಿಯಾದ ಕಡೆ ಹೋದವರಲ್ಲ, ಹೆಚ್ಚಿನವರು ನಾರ್ವೆ, ಬಾಲ್ಟಿಕ್ ಕಡೆ ಮರದ ವ್ಯಾಪಾರದ ಹಡಗು ನಡೆಸುತ್ತಿದ್ದವರು. ಆದರೆ ಆಮ್‌ಸ್ಟರ್‌ಡ್ಯಾಮ್ ಅವರಿಗೆ ಮನೆಯಂಗಳ ಇದ್ದ ಹಾಗೆ, ಕೈಯಲ್ಲಿ ದುಡ್ಡೂ ಇತ್ತು. ಮನೆಗೆ ಬರುವಾಗ ಬಟ್ಟೆ ತರದೆ ಬಂದರೆ ಹೆಂಡತಿ ಬಿಡುತ್ತಾಳಾ?

ಇನ್ನು ಬಣ್ಣದ ಮಾತು. ಹಬ್ಬ, ಸಂತೋಷಕ್ಕೆ ಕೆಂಪು. ಸಾವಿನ ಮನೆಯಲ್ಲಿ ನೀಲಿ. ಅದರಲ್ಲೂ ಮೆಟ್ಟಿಲುಗಳಿದ್ದವು, ಸೂತಕ ಕಳೆಯುತ್ತಾ ಬಂದ ಹಾಗೆ ಬಣ್ಣ ಬದಲಾಗುತ್ತಿತ್ತು. ಹಡಗಿಗೆ ಹೋದವರು ಎಲ್ಲರೂ ವಾಪಸ್ ಬರುತ್ತಿರಲಿಲ್ಲವಲ್ಲ, ಹಾಗಾಗಿ ನೀಲಿ ಬಟ್ಟೆ ಪೆಟ್ಟಿಗೆಯಲ್ಲೇ ಉಳಿಯುತ್ತಿರಲಿಲ್ಲ. ಅದಕ್ಕೇ ಇಂಥ ಚಿತ್ರ ಸಿಕ್ಕಿದರೆ ನಾನು ಮುಖ ಆಮೇಲೆ ನೋಡುತ್ತೇನೆ. ಮೊದಲು ತೋಳಿನ ಹೂವು. ಕೆಂಪಿದ್ದರೆ, ಸದ್ಯ, ಎಲ್ಲರೂ ಮನೆಗೆ ಬಂದಿದ್ದಾರೆ.