ಬಿಸಲ ಊರಾಗ ಸಮುದ್ರದ ಮೀನು

ಎಲ್ಲಾರಿಗೂ ನಮಸ್ಕಾರ್ರೀ. ಸಮುದ್ರ ನಮ್ಮ ಕಲಬುರಗಿಯಿಂದ ಮುನ್ನೂರು ಕಿಲೋಮೀಟರ್‌ಗಿಂತ ದೂರ ಅದ, ಆದ್ರೂ ಸಮುದ್ರದ ಮೀನಿನ ಮಾತು ಕೇಳ್ಲಾಕ ಇಷ್ಟು ಮಂದಿ ಬಂದೀರಿ, ನನಗ ಭಾಳ ಖುಷಿ ಆಗ್ಯಾದ.

ನಾ ಇವತ್ತ ಹೇಳೋದು ಫೇರಿ ರಾಸ್ ಅನ್ನೋ ಸಮುದ್ರದ ಮೀನನ್ನ ಮನ್ಯಾಗ ಗಾಜಿನ ಟ್ಯಾಂಕಿನ್ಯಾಗ ಸಾಕೋದರ ಬಗ್ಗೆ. ರಾಸ್ ಅಂದ್ರ ಮೀನಿನ ದೊಡ್ಡ ಕುಟುಂಬ, 500ಕ್ಕೂ ಹೆಚ್ಚು ಜಾತಿ ಅವ, ಅದರಾಗ ಫೇರಿ ರಾಸ್ ಮೂರ್ನಾಕು ಇಂಚಿನ ಸಣ್ಣ ಮೀನು, ನೀರಾಗ ತೇಲೋ ಸಣ್ಣ ಸಣ್ಣ ಜೀವ ಹಿಡದು ತಿಂತದ, ಹವಳದ ಗೊಡವಿಗೆ ಹೋಗಂಗಿಲ್ಲ. ಅದಕ್ಕ ಮನ್ಯಾಗ ಹವಳ ಸಾಕೋರು ಇದನ್ನ ಇಷ್ಟ ಪಡ್ತಾರ. ಬಣ್ಣ ಅಂತೂ ಕೇಳಬ್ಯಾಡ್ರಿ. ಮೊದಲ ಹೆಣ್ಣಾಗಿರ್ತದ, ಗುಂಪಿನ್ಯಾಗ ಗಂಡು ಇಲ್ಲದಂಗಾದ್ರ ದೊಡ್ಡ ಹೆಣ್ಣೇ ಗಂಡಾಗಿ ಬಣ್ಣ ಬದಲಾಯಿಸ್ತದ. 2022ರಾಗ ಮಾಲ್ಡೀವ್ಸ್‌ದ ಒಂದು ಫೇರಿ ರಾಸ್‌ಗೆ ಫಿನಿಫೆನ್ಮಾ ಅಂತ ಹೊಸಾ ಹೆಸರಿಟ್ರು, ಅಲ್ಲಿ ಭಾಷ್ಯಾಗ ಗುಲಾಬಿ ಹೂವು ಅಂತ ಅರ್ಥ. ಅದಕ್ಕೂ ಮೊದಲ ಭಾಳ ವರ್ಷ ಅದನ್ನ ಬ್ಯಾರೆ ಜಾತಿ ಅಂತನೇ ತಿಳದಿದ್ರು. ಹೆಸರಿಟ್ಟವರಾಗ ಅಹ್ಮದ್ ನಜೀಬ್ ಅನ್ನೋ ಮಾಲ್ಡೀವ್ಸ್ ವಿಜ್ಞಾನಿನೂ ಇದ್ರು, ತಮ್ಮ ನೀರಿನ ಮೀನಿಗೆ ತಮ್ಮ ಭಾಷಿ ಹೆಸರು, ನನಗ ಇದು ಭಾಳ ಹಿಡಿಸ್ತು.

ಈಗ ಮುಖ್ಯ ಮಾತಿಗೆ ಬರ್ತೀನಿ. ಈ ಮೀನು ಹಾರತದ. ಅಂಜಿದ್ರ ಮ್ಯಾಲಕ್ಕೇ ಹಾರತದ, ಸಮುದ್ರದಾಗ ಹಾರಿದ್ರ ವಾಪಸ್ ನೀರಿಗೇ ಬೀಳತದ, ನಮ್ಮ ಮನ್ಯಾಗ ನೆಲಕ್ಕ ಬೀಳತದ. ನನ್ನ ಮೊದಲ ಮೀನು ಹಂಗೇ ಹೋತು. ರಾತ್ರಿ ಕರೆಂಟ್ ಹೋಗಿ ಬಂತು, ಲೈಟ್ ಒಮ್ಮೆಲೆ ಹತ್ತಿತು, ಟ್ಯಾಂಕಿನ ಮ್ಯಾಲ ಪೈಪ್ ಬರೋ ಜಾಗದಾಗ ನಾಕು ಬಟ್ಟಿನಷ್ಟು ಸಂದಿ ಇತ್ತು. ಮುಂಜಾನೆ ನಮ್ಮವ್ವ ಕಸ ಹೊಡೀಲಾಕ ಹೋದಾಗ ಸ್ಟ್ಯಾಂಡ್ ಹಿಂದ ಶಹಾಬಾದ್ ಕಲ್ಲಿನ ಮ್ಯಾಲ ಒಣಗಿ ಬಿದ್ದಿತ್ತು, ಅಕಿ ಅದನ್ನ ಕೈಯಾಗ ಹಿಡಕೊಂಡು ಸುಮ್ನ ನಿಂತಿದ್ಲು. ಎರಡು ದಿನ ನಾ ಆ ಟ್ಯಾಂಕ್ ಕಡಿ ನೋಡ್ಲಿಲ್ಲ.

ಆಮ್ಯಾಲ ಪೂರ್ತಿ ಗಾಜು ಮುಚ್ಚಿದೆ. ಅದೂ ತಪ್ಪಾತು. ಮೇ ತಿಂಗಳಾಗ ನಮ್ಮಲ್ಲಿ 42, 43 ಡಿಗ್ರಿ ಆಗೋದು ನಿಮಗ ಗೊತ್ತೇ ಅದ, ಮೀನಿಗೆ ಬೇಕಾದದ್ದು 24ರಿಂದ 26, ಗಾಜಿನ ಕೆಳಗ ನೀರು 31ಕ್ಕ ಏರಿತು, ಬಿಸಿ ನೀರಾಗ ಆಕ್ಸಿಜನ್ ಕಮ್ಮಿ, ಮೀನು ಮ್ಯಾಲ ಬಂದು ಬಾಯಿ ಬಾಯಿ ಬಿಡ್ತಿತ್ತು. ಅವಾಗ ತಿಳೀತು, ನಮ್ಮ ಊರಿಗೆ ಬೇಕಾದದ್ದು ಗಾಜಲ್ಲ, ಜಾಳಿಗಿ. ಕಿಟಕಿ ಮಾಡೋರ ಹತ್ರ ಅಲ್ಯುಮಿನಿಯಂ ಫ್ರೇಮ್ ಮಾಡಿಸಿ ನೈಲಾನ್ ಜಾಳಿಗಿ ಹಾಕಿಸ್ರಿ, ಕಾಲು ಇಂಚಿನ ಕಣ್ಣು ಸಾಕು, ಕಬ್ಬಿಣದ್ದು ಬ್ಯಾಡ, ಉಪ್ಪು ನೀರಿಗೆ ತುಕ್ಕು ಹಿಡೀತದ. ಗಾಳಿ ಆಡತದ, ಮ್ಯಾಲ ಸಣ್ಣ ಫ್ಯಾನ್ ಇಟ್ರ ನಮ್ಮ ಮನಿ ಕೂಲರ್ ಮಾಡೋ ಕೆಲಸಾನೇ ಅದೂ ಮಾಡತದ, ಒಣ ಗಾಳಿ ಇದ್ದಷ್ಟು ನೀರು ಜಲ್ದಿ ಆವಿ ಆಗಿ ಎರಡು ಮೂರು ಡಿಗ್ರಿ ಇಳೀತದ. ಮೇ ತಿಂಗಳಿಗೆ ಅಷ್ಟು ಸಾಲಂಗಿಲ್ಲ, ನೀರು ತಣ್ಣಗ ಮಾಡೋ ಚಿಲ್ಲರ್ ಮಷಿನ್ ಬೇಕೇ ಬೇಕು, ಅದರ ರೊಕ್ಕ ಮೊದಲೇ ತೆಗೆದಿಡ್ರಿ.

ಒಂದು ಮಾತು ಮರೀಬ್ಯಾಡ್ರಿ, ಆವಿ ಆಗೋದು ನೀರು, ಉಪ್ಪಲ್ಲ. ಕಮ್ಮಿ ಆದಷ್ಟು ಬರೇ ಆರ್‌ಓ ನೀರು ದಿನಾ ಹಾಕ್ರಿ, ಉಪ್ಪು ನೀರು ಹಾಕಿದ್ರ ಉಪ್ಪು ಏರಕೋಂತ ಹೋಗತದ, ಉಪ್ಪು ಅಳಿಯೋ ಮೀಟರಿನ ರೀಡಿಂಗ್ 1.025ರ ಹತ್ರ ಇರಬೇಕು. ಬೋರ್ ನೀರು ಮಾತ್ರ ಬ್ಯಾಡ. ಹೊಸಾ ಟ್ಯಾಂಕಿನ ನೀರು ಹದಕ್ಕ ಬರಬೇಕು, ಅದಕ್ಕ ಕಮ್ಮಿ ಅಂದ್ರೂ ತಿಂಗಳು ಒಂದೂವರೆ ತಿಂಗಳು ಮೀನು ಬಿಡಬ್ಯಾಡ್ರಿ, ಇವು ಹೆಚ್ಚಾಗಿ ಸಮುದ್ರದಾಗ ಹಿಡದು ತಂದವು, ನಮ್ಮ ಅವಸರಕ್ಕ ಅವು ಯಾಕ ಸಾಯಬೇಕು.

ರಾತ್ರಿ ಇದು ಕಲ್ಲಿನ ಸಂದ್ಯಾಗ ಹೋಗಿ ಮೈ ಸುತ್ತ ತೆಳ್ಳನ ಲೋಳಿ ಚೀಲ ಮಾಡಕೊಂಡು ಮಲಗತದ. ನೋಡಬೇಕು ಅಂತ ಒಮ್ಮೆಲೆ ಲೈಟ್ ಹಚ್ಚಬ್ಯಾಡ್ರಿ, ದೂರದಿಂದ ಮಂದ ಬೆಳಕು ಬಿಟ್ಟು ನೋಡ್ರಿ, ಅಂಜಿದ್ರ ಮತ್ತ ಹಾರತದ.

ನಮ್ಮ ಮನಿ ಜಾಳಿಗಿ ಫ್ರೇಮ್ ಇಲ್ಲೇ ತಂದೀನಿ, ಮುಂದ ಬಂದು ಕೈಯಾಗ ಹಿಡದು ನೋಡ್ರಿ, ಅಳತಿ ಬರಕೊಳ್ರಿ.