ಗಂಟೆಗೆ 39 ಡಾಲರಾ, ವರ್ಷಕ್ಕೆ 2 ಲಕ್ಷವಾ? ಅಮೆರಿಕದ ಬಂದರು ಮುಷ್ಕರದ ಲೆಕ್ಕ

[ಪರದೆಯ ಮೇಲೆ ಎರಡು ಅಂಕಿ: 39 ಮತ್ತು 2,00,000]

ನಮಸ್ಕಾರ. ಪರದೆ ಮೇಲೆ ಕಾಣುತ್ತಿರುವ ಎರಡೂ ಅಂಕಿಗಳು ಡಾಲರ್ ಲೆಕ್ಕದ್ದು. ಎರಡೂ ಒಂದೇ ಕೆಲಸದ ಸಂಬಳ. ಅಮೆರಿಕದ ಪೂರ್ವ ಕರಾವಳಿಯ ಬಂದರುಗಳಲ್ಲಿ ಹಡಗಿಗೆ ಕಂಟೇನರ್ ಹತ್ತಿಸಿ, ಇಳಿಸುವವರ ಸಂಬಳ. ಒಂದು ಗಂಟೆಯ ಲೆಕ್ಕ, ಇನ್ನೊಂದು ವರ್ಷದ ಲೆಕ್ಕ. ಎರಡರಲ್ಲಿ ಯಾವುದೂ ಸುಳ್ಳಲ್ಲ. ಇವರು ಮುಷ್ಕರಕ್ಕೆ ಇಳಿದಾಗ "ಪಾಪ, ಕೊಡಲಿ" ಅಂದವರು ಮೊದಲನೇ ಅಂಕಿ ನೋಡಿದ್ದರು, "ಇನ್ನೆಷ್ಟು ಬೇಕಂತೆ ಇವರಿಗೆ?" ಅಂದವರು ಎರಡನೇದು ನೋಡಿದ್ದರು ಅಂತ ನನಗೆ ಅನ್ನಿಸುತ್ತದೆ.

ಏನಾಯಿತು ಅಂತ ಬೇಗ ಹೇಳಿಬಿಡುತ್ತೇನೆ. 2024ರ ಅಕ್ಟೋಬರ್ 1ರ ಮಧ್ಯರಾತ್ರಿ ಬಂದರು ಕೆಲಸಗಾರರ ಯೂನಿಯನ್ ಆದ ಐಎಲ್‌ಎಯ ಸುಮಾರು 45,000 ಸದಸ್ಯರು ಕೆಲಸ ನಿಲ್ಲಿಸಿದರು. ಮೇನ್‌ನಿಂದ ಟೆಕ್ಸಾಸ್‌ವರೆಗೆ 36 ಬಂದರುಗಳು ಬಂದ್. ಇಡೀ ಪೂರ್ವ ಕರಾವಳಿಯಲ್ಲಿ ಇಂಥ ಮುಷ್ಕರ 1977ರ ನಂತರ ಇದೇ ಮೊದಲು. ಯೂನಿಯನ್ ಕೇಳಿದ್ದು ಆರು ವರ್ಷಕ್ಕೆ 77% ಏರಿಕೆ. ಹಡಗು ಕಂಪನಿಗಳು ಮತ್ತು ಟರ್ಮಿನಲ್ ಮಾಲೀಕರ ಒಕ್ಕೂಟ ಯುಎಸ್‌ಎಂಎಕ್ಸ್ ಕೊಡುತ್ತೇನೆ ಅಂದಿದ್ದು ಹತ್ತಿರ ಹತ್ತಿರ 50%. ಮೂರನೇ ದಿನ ಸಂಜೆ ಸುಮಾರು 62%ಗೆ ಕೈ ಕುಲುಕಿದರು. ಗಂಟೆಗೆ 39 ಇದ್ದ ಟಾಪ್ ರೇಟ್ ಒಪ್ಪಂದ ಮುಗಿಯುವ ಹೊತ್ತಿಗೆ 63 ಡಾಲರ್ ಆಗುತ್ತದೆ.

ಈಗ ಆ ಎರಡು ಅಂಕಿಗಳಿಗೆ ಬರೋಣ. ವಿಷಯ ಇರುವುದೇ ಅಲ್ಲಿ.

[ಗ್ರಾಫಿಕ್: 39 × 40 ಗಂಟೆ × 52 ವಾರ]

39 ಡಾಲರ್‌ನಂತೆ ವಾರಕ್ಕೆ 40 ಗಂಟೆ, ವರ್ಷಕ್ಕೆ 52 ವಾರ. ಸುಮಾರು 81,000 ಡಾಲರ್. ಅಮೆರಿಕದಲ್ಲಿ ಇದು ಒಳ್ಳೆಯ ಸಂಬಳವೇ. ಕಣ್ಣು ಕುಕ್ಕುವಂಥದ್ದಲ್ಲ. ಅದೂ ಹೊಸಬರಿಗೆ ಸಿಗುವುದಿಲ್ಲ. ಅವರು ಶುರು ಮಾಡುತ್ತಿದ್ದದ್ದು 20 ಡಾಲರ್‌ನಿಂದ. ಟಾಪ್ ರೇಟ್ ಮುಟ್ಟಲು ವರ್ಷಗಟ್ಟಲೆ ಕಾಯಬೇಕಿತ್ತು.

ಹಾಗಾದರೆ 2 ಲಕ್ಷ ಎಲ್ಲಿಂದ ಬಂತು? ನ್ಯೂಯಾರ್ಕ್ ಬಂದರಿನ ಮೇಲೆ ಕಣ್ಣಿಡಲು ವಾಟರ್‌ಫ್ರಂಟ್ ಕಮಿಷನ್ ಅಂತ ಒಂದು ಸಂಸ್ಥೆ ಇತ್ತು. ಅಲ್ಲಿನ ಡಾಕ್ ಕೆಲಸಗಾರರಲ್ಲಿ ಮೂರನೇ ಒಂದು ಭಾಗ ವರ್ಷಕ್ಕೆ 2 ಲಕ್ಷ ಡಾಲರ್ ಅಥವಾ ಅದಕ್ಕೂ ಜಾಸ್ತಿ ಗಳಿಸಿದ್ದಾರೆ ಅಂತ ಅದರ 2019-20ರ ವರದಿ ಹೇಳಿತ್ತು. ಮುಷ್ಕರದ ದಿನಗಳಲ್ಲಿ ಎಲ್ಲ ಕಡೆ ಓಡಾಡಿದ್ದು ಇದೇ ಸಾಲು. ಆದರೆ ನೋಡಿ, ಅದು ಒಂದು ಬಂದರಿನ ಲೆಕ್ಕ. ಬೇರೆ 35 ಬಂದರುಗಳ ಲೆಕ್ಕ ಅದರಲ್ಲಿಲ್ಲ. ಮತ್ತೆ ಆ ದುಡ್ಡು ಬರುವುದು ರಾತ್ರಿ ಪಾಳಿ, ಶನಿವಾರ ಭಾನುವಾರದ ಕೆಲಸ, ಗಂಟೆಗಟ್ಟಲೆ ಓವರ್‌ಟೈಮ್ ಎಲ್ಲ ಸೇರಿದಾಗ. ಹಡಗು ಬಂದಾಗ ಇಳಿಸಲೇಬೇಕು. ಮಳೆ, ಚಳಿ, ಹಬ್ಬ ಅಂತ ಅದು ಕಾಯುವುದಿಲ್ಲ. ಪೇರಿಸಿದ ಕಂಟೇನರ್‌ಗಳನ್ನು ಬಿಗಿದಿಟ್ಟ ಉದ್ದನೆಯ ಕಬ್ಬಿಣದ ಸರಳುಗಳನ್ನು ಇವತ್ತಿಗೂ ಮನುಷ್ಯರೇ ಕೈಯಿಂದ ಬಿಚ್ಚುತ್ತಾರೆ. ತಲೆಯ ಮೇಲೆ ಟನ್‌ಗಟ್ಟಲೆ ಭಾರ ತೂಗಾಡುತ್ತಿರುತ್ತದೆ.

ಇಷ್ಟು ಹೇಳಿದ ಮೇಲೆ ಇನ್ನೊಂದನ್ನೂ ಹೇಳಲೇಬೇಕು. ಯೂನಿಯನ್ ಅಧ್ಯಕ್ಷ ಹೆರಾಲ್ಡ್ ಡ್ಯಾಗೆಟ್ ಅವರ 2023ರ ಗಳಿಕೆ, ಸ್ಥಳೀಯ ಘಟಕದಿಂದ ಬಂದದ್ದೂ ಸೇರಿ, 9 ಲಕ್ಷ ಡಾಲರ್ ಮೀರಿತ್ತು. ಬಡ ಕಾರ್ಮಿಕರ ಪರ ಗುಡುಗುವವರ ಸಂಬಳ ಇಷ್ಟಿದ್ದರೆ ಜನ ಸುಮ್ನೆ ಬಿಡುತ್ತಾರಾ? ಬಿಡಲಿಲ್ಲ. ಸಾಲದ್ದಕ್ಕೆ, ಬಂದರು ನಿಂತರೆ ಇಡೀ ಆರ್ಥಿಕತೆಯನ್ನೇ ಕುಂಟಿಸಿಬಿಡುತ್ತೇವೆ ಎಂಬರ್ಥದ ಅವರ ಮಾತಿನ ವಿಡಿಯೋ ಮುಷ್ಕರಕ್ಕೆ ಮೊದಲೇ ಹರಿದಾಡಿತ್ತು.

[ಗ್ರಾಫ್: 2009 – 48%, 2024 – 70%]

ಇಲ್ಲಿ ಒಂದು ಸೋಜಿಗ ಇದೆ. ಕಾರ್ಮಿಕ ಯೂನಿಯನ್‌ಗಳನ್ನು ಒಪ್ಪುತ್ತೀರಾ ಅಂತ ಗ್ಯಾಲಪ್ ಸಂಸ್ಥೆ 1936ರಿಂದಲೂ ಅಮೆರಿಕನ್ನರನ್ನು ಕೇಳುತ್ತಾ ಬಂದಿದೆ. 2009ರಲ್ಲಿ ಹೌದು ಅಂದವರು 48%. 2024ರಲ್ಲಿ 70%. ಅಂದರೆ ಮುಷ್ಕರ ನಡೆದಾಗ ಯೂನಿಯನ್‌ಗಳ ಮೇಲಿನ ಒಲವು ಕಡಿಮೆಯೇನೂ ಇರಲಿಲ್ಲ. ಆದರೂ ಡಾಕ್ ಕೆಲಸಗಾರರ ವಿಷಯಕ್ಕೆ ಬಂದಾಗ ಅದೇ ಜನರ ನಡುವೆ ಬಿಸಿಬಿಸಿ ಜಗಳ. ಯಾಕೆ? ಯೂನಿಯನ್ ಬೇಕಾ ಅನ್ನುವುದು ಒಂದು ಪ್ರಶ್ನೆ. ನನಗಿಂತ ಜಾಸ್ತಿ ಸಂಬಳ ತಗೊಳ್ಳುವವನಿಗೆ ಇನ್ನೂ ಕೊಡಬೇಕಾ ಅನ್ನುವುದು ಬೇರೆಯೇ ಪ್ರಶ್ನೆ. ಎರಡನೆಯದಕ್ಕೆ ಉತ್ತರ ಕೊಡುವಾಗ ಎಲ್ಲರೂ ಮೊದಲು ತಮ್ಮ ಸಂಬಳದ ಚೀಟಿ ನೋಡಿಕೊಳ್ಳುತ್ತಾರೆ.

ಅದೇ ಬಂದರಿನ ಗೇಟ್ ಹೊರಗೆ ಸಾಲು ನಿಲ್ಲುವ ಲಾರಿ ಚಾಲಕರನ್ನೇ ತಗೊಳ್ಳಿ. ಅವರಲ್ಲಿ ತುಂಬಾ ಜನರಿಗೆ ಟ್ರಿಪ್ ಲೆಕ್ಕದಲ್ಲಿ ದುಡ್ಡು. ಗಂಟೆಗಟ್ಟಲೆ ಕಾದದ್ದಕ್ಕೆ ಕೂಲಿ ಇಲ್ಲ. ಕಾಗದದ ಮೇಲೆ ಅವರು ಸ್ವತಂತ್ರ ಗುತ್ತಿಗೆದಾರರು, ಹಾಗಾಗಿ ಯೂನಿಯನ್ ಕಟ್ಟುವುದೇ ಕಷ್ಟ. ಒಳಗಿನವರು ಮುಷ್ಕರ ಹೂಡಿದರೆ ಇವರ ದುಡಿಮೆಯೂ ನಿಂತಿತು. ಒಳಗಿನವರು ಗೆದ್ದರೆ ಇವರಿಗೆ ಸಿಗುವುದು ಸೊನ್ನೆ. ಇವರಿಗೆ ಸಿಟ್ಟು ಬಂದರೆ ಅದನ್ನು ಬರೀ ಹೊಟ್ಟೆಯುರಿ ಅಂತ ತಳ್ಳಿಹಾಕಲು ನನಗೆ ಮನಸ್ಸು ಬರುವುದಿಲ್ಲ.

[ಹಳೆಯ ಲಂಡನ್ ಬಂದರಿನ ಚಿತ್ರ]

1889ಕ್ಕೆ ಹೋಗೋಣ, ಲಂಡನ್‌ಗೆ. ಅಲ್ಲಿನ ಡಾಕ್ ಕೂಲಿಗಳು ಗಂಟೆಗೆ 5 ಪೆನ್ನಿ ಬದಲು 6 ಪೆನ್ನಿ ಕೇಳಿ ಮುಷ್ಕರ ಮಾಡಿದರು. ಒಂದೇ ಒಂದು ಪೆನ್ನಿ ಜಾಸ್ತಿ. ಕೊಳೆತ ಈರುಳ್ಳಿ, ಮೀನಿನ ತಲೆಗಳನ್ನು ಕೋಲಿಗೆ ಸಿಕ್ಕಿಸಿಕೊಂಡು, ನಾವು ತಿನ್ನುವುದು ಇದನ್ನು ಅಂತ ತೋರಿಸುತ್ತಾ ಊರಿನ ಶ್ರೀಮಂತ ಬೀದಿಗಳಲ್ಲಿ ಮೆರವಣಿಗೆ ಹೋದರು. ಜನ ಕರಗಿದರು. ಆಸ್ಟ್ರೇಲಿಯಾದಿಂದ ಸುಮಾರು 30,000 ಪೌಂಡ್ ಚಂದಾ ಬಂತು. ಐದು ವಾರಕ್ಕೆ ಮಾಲೀಕರು ಮಣಿದರು. ಅವರಿಗೆ ಜನರ ಮರುಕ ಇಲ್ಲದಿದ್ದರೆ ಮುಷ್ಕರ ಹಸಿವಿನಿಂದಲೇ ಸಾಯುತ್ತಿತ್ತು.

2024ರ ಅಮೆರಿಕದಲ್ಲಿ ಮರುಕ ಬೇಕಾಗಿರಲೇ ಇಲ್ಲ. ಮಾಲೀಕರ ಜುಟ್ಟು ಯೂನಿಯನ್ನಿನ ಕೈಯಲ್ಲಿತ್ತು. ಮುಷ್ಕರದಿಂದ ದಿನಕ್ಕೆ 380ರಿಂದ 450 ಕೋಟಿ ಡಾಲರ್ ನಷ್ಟ ಅಂತ ಜೆ.ಪಿ. ಮಾರ್ಗನ್ ಅಂದಾಜು ಮಾಡಿತ್ತು. ಅಧ್ಯಕ್ಷರ ಚುನಾವಣೆಗೆ ಐದು ವಾರ ಬಾಕಿ. ಹೆಲೀನ್ ಚಂಡಮಾರುತ ಆಗಷ್ಟೇ ಅಪ್ಪಳಿಸಿತ್ತು. 1947ರ ಟಾಫ್ಟ್-ಹಾರ್ಟ್ಲಿ ಕಾಯ್ದೆ ಬಳಸಿ 80 ದಿನ ಮುಷ್ಕರ ತಡೆಯಲು ಅಧ್ಯಕ್ಷರು ಕೋರ್ಟಿಗೆ ಹೋಗಬಹುದು. 2002ರಲ್ಲಿ ಪಶ್ಚಿಮ ಕರಾವಳಿಯ ಬಂದರುಗಳಿಗೆ ಮಾಲೀಕರೇ ಬೀಗ ಹಾಕಿದಾಗ ಜಾರ್ಜ್ ಡಬ್ಲ್ಯೂ ಬುಷ್ ಅದನ್ನು ಬಳಸಿ ಬಂದರು ತೆರೆಸಿದ್ದರು. ಬೈಡನ್ ಬಳಸುವುದಿಲ್ಲ ಅಂದರು. ಹಡಗು ಕಂಪನಿಗಳು ಕೋವಿಡ್ ನಂತರ ಕಂಡ ಭಾರೀ ಲಾಭವನ್ನು ಎತ್ತಿ ತೋರಿಸಿ, ಕೆಲಸಗಾರರಿಗೂ ಪಾಲು ಕೊಡಿ ಅಂದರು. ಅಲ್ಲಿಗೆ ಮಾಲೀಕರ ಬಳಿ ಇದ್ದ ದೊಡ್ಡ ಅಸ್ತ್ರವೇ ಹೋಯಿತು.

ಇದರ ನಡುವೆ ಜನ ಅಂಗಡಿಗೆ ನುಗ್ಗಿ ಟಾಯ್ಲೆಟ್ ಪೇಪರ್ ಬಾಚಿಕೊಂಡರು. ಅಮೆರಿಕದಲ್ಲಿ ಬಳಸುವ ಟಾಯ್ಲೆಟ್ ಪೇಪರ್ ಬಹುಪಾಲು ಅಲ್ಲೇ ತಯಾರಾಗುತ್ತದೆ, ಹಡಗಿಗೂ ಅದಕ್ಕೂ ಸಂಬಂಧವೇ ಇಲ್ಲ. ಏನು ಹೇಳೋಣ!

[ದೃಶ್ಯ: ಕಂಟೇನರ್ ಲಾರಿಗಳು ಗೇಟ್ ದಾಟುತ್ತಿರುವುದು]

ಸಂಬಳದ ಜಗಳ ಮೂರೇ ದಿನಕ್ಕೆ ಮುಗಿಯಿತು. ಮುಗಿಯದೆ ಉಳಿದದ್ದು ಯಂತ್ರದ ಜಗಳ. 2024ರ ಜೂನ್‌ನಲ್ಲೇ ಮಾತುಕತೆ ಒಮ್ಮೆ ಮುರಿದುಬಿದ್ದಿತ್ತು. ಕಾರಣ ಅಲಬಾಮಾದ ಮೊಬೈಲ್ ಬಂದರಿನ ಒಂದು ಗೇಟ್. ಲಾರಿ ಬರುತ್ತದೆ, ಯಂತ್ರ ಅದನ್ನು ಗುರುತಿಸಿ ಒಳಗೆ ಬಿಡುತ್ತದೆ, ಯೂನಿಯನ್ನಿನ ಕೆಲಸಗಾರ ಬೇಕಿಲ್ಲ. ಒಂದು ಗೇಟ್‌ಗೆ ಇಷ್ಟು ರಂಪವಾ ಅಂತ ಅನ್ನಿಸಬಹುದು. ಹಿಂದೆ ಕಂಟೇನರ್ ಬಳಕೆಗೆ ಬಂದ ಮೇಲೆ ಬಂದರುಗಳಲ್ಲಿ ಎಷ್ಟು ಸಾವಿರ ಜನರ ಕೆಲಸ ಹೋಯಿತು ಅಂತ ಬಲ್ಲವರಿಗೆ ಹಾಗೆ ಅನ್ನಿಸುವುದಿಲ್ಲ.

ನನ್ನ ಮಾತು ಕೇಳಿದರೆ, ಯೂನಿಯನ್ನಿನ ಸಂಬಳದ ವಾದ ಗಟ್ಟಿ, ಯಂತ್ರ ಬೇಡ ಅನ್ನುವ ವಾದ ಅದಕ್ಕಿಂತ ಸಡಿಲ. ಲಾಭ ಬಂದಾಗ ಪಾಲು ಕೇಳುವುದು ಸರಿ. ಆದರೆ ಗೇಟ್ ನಿಧಾನವಾದರೆ ಅದರ ಬಿಸಿ ಮೊದಲು ತಟ್ಟುವುದು ಹೊರಗೆ ಕಾಯುತ್ತಿರುವ ಆ ಲಾರಿ ಚಾಲಕನಿಗೆ. 1960ರಲ್ಲಿ ಪಶ್ಚಿಮ ಕರಾವಳಿಯ ಯೂನಿಯನ್ ನಾಯಕ ಹ್ಯಾರಿ ಬ್ರಿಡ್ಜಸ್ ಬೇರೆ ದಾರಿ ಹಿಡಿದಿದ್ದರು. ಯಂತ್ರ ತನ್ನಿ, ಅದರ ಉಳಿತಾಯದಲ್ಲಿ ನಮಗೆ ಪಾಲು ಕೊಡಿ, ಇರುವವರ ಕೆಲಸ ಕೀಳಬೇಡಿ ಅಂತ ಒಪ್ಪಂದ ಮಾಡಿಕೊಂಡರು.

ಈ ಸಲ ಹಾಗಾಗಲಿಲ್ಲ. ಡಿಸೆಂಬರ್‌ನಲ್ಲಿ ಟ್ರಂಪ್ ಕೂಡ ಯೂನಿಯನ್ ಪರ ಮಾತಾಡಿದರು. 2025ರ ಜನವರಿಯಲ್ಲಿ ಆದ ಒಪ್ಪಂದದಲ್ಲಿ ಪೂರ್ತಿ ಆಟೊಮೇಷನ್‌ಗೆ ತಡೆ ಬಿತ್ತು, ಫೆಬ್ರವರಿಯಲ್ಲಿ ಸುಮಾರು 99% ಸದಸ್ಯರು ಅದಕ್ಕೆ ಓಟು ಹಾಕಿದರು. ಅದು 2030ರ ಸೆಪ್ಟೆಂಬರ್ 30ರವರೆಗೆ ಇರುತ್ತದೆ. ಆ ಹೊತ್ತಿಗೆ ಗಂಟೆಯ ಲೆಕ್ಕ 63 ಆಗಿರುತ್ತದೆ, ಬರೀ ವಾರಕ್ಕೆ 40 ಗಂಟೆ ದುಡಿದರೂ ವರ್ಷಕ್ಕೆ 1,31,000 ಡಾಲರ್. ಆಗ ಮತ್ತೆ ಮುಷ್ಕರ ಅಂದರೆ, ಓವರ್‌ಟೈಮ್ ಲೆಕ್ಕ ಬಿಡಿಸಿ ಹೇಳಿದರೂ ಕೇಳುವಷ್ಟು ತಾಳ್ಮೆ ಜನರಿಗೆ ಇರುವುದು ಅನುಮಾನ.